ಕೇಳಿ ಬಾರಿಸುವ ಹೊತ್ತು

(ಉಪನ್ಯಾಸದ ಬರಹರೂಪ)

ಅಂಕೋಲೆಯ ಕಡೆ ಬಯಲಾಟಕ್ಕೆ ಹೋಗುವವರು ಹೇಳಿದ ಸಮಯಕ್ಕೆ ಹೋಗುವುದಿಲ್ಲ. ಆಟ ಒಂಬತ್ತೂವರೆಗೆ ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೂ, ಊಟ ಮುಗಿಸಿ, ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕಿ, ಮಕ್ಕಳು ನಿದ್ದೆಗೆ ಜಾರಿದರೆ ಇರಲಿ ಎಂದು ಒಂದು ಚಾಪೆ ಸುತ್ತಿಕೊಂಡು ಮನೆ ಬಿಡುವಾಗ ಹತ್ತು ಹೊಡೆದಿರುತ್ತದೆ. ಇದನ್ನು ಅಶಿಸ್ತು ಎನ್ನಬೇಕಾಗಿಲ್ಲ. ತಡವಾಗಿ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಕ್ಷಗಾನ ತನ್ನ ಮೊದಲ ಒಂದೆರಡು ತಾಸುಗಳನ್ನು ಕಟ್ಟಿಕೊಂಡಿದೆ. ಸಿನಿಮಾದ ಸ್ವಭಾವ ಇದಕ್ಕೆ ವಿರುದ್ಧ. ಅಲ್ಲಿ ಮೊದಲ ಹತ್ತು ನಿಮಿಷ ತಪ್ಪಿಸಿಕೊಂಡವನು ಪಕ್ಕದವನನ್ನು ಕೇಳಿ ಬೈಸಿಕೊಳ್ಳಬೇಕು. ಹಾಗಿದ್ದರೂ ಎರಡೂ ಎದುರಿಸುವ ಪ್ರಶ್ನೆ ಒಂದೇ: ಇನ್ನೂ ಬಾರದವನನ್ನು ಮನೆಯಿಂದ ಎಬ್ಬಿಸುವುದು ಹೇಗೆ, ಬಂದು ಕುಳಿತವನನ್ನು ಏಳದಂತೆ ಮಾಡುವುದು ಹೇಗೆ? ಮೊದಲನೆಯದಕ್ಕೆ ಸಿನಿಮಾ ಕಂಡುಕೊಂಡ ಉತ್ತರ ಟ್ರೈಲರ್. ಎರಡನೆಯದಕ್ಕೆ ಆರಂಭದ ದೃಶ್ಯ. ಕಾರವಾರ, ಅಂಕೋಲೆಗಳ ಬಯಲುಗಳಿಗೆ ಈ ಎರಡೂ ಉತ್ತರಗಳು ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಗೊತ್ತಿದ್ದವು.

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಆಟದ ಕಾಲ. ರಂಗಸ್ಥಳ ಎದ್ದ ಊರಿನಲ್ಲಿ ಹೊತ್ತು ಮುಳುಗುವಾಗ ಚೆಂಡೆ, ಮದ್ದಲೆಗಳನ್ನು ಹೊರಗೆ ತಂದು ಸ್ವಲ್ಪ ಹೊತ್ತು ಬಾರಿಸುವ ಕ್ರಮವಿತ್ತು. ವೇಷವಿಲ್ಲ, ಹಾಡಿಲ್ಲ, ಬರೀ ನಾದ. ಇದಕ್ಕೆ ಕೇಳಿ ಬಾರಿಸುವುದು ಎಂದು ಹೆಸರು. ಕೇಳಿ ಎಂದರೆ ಆಟ, ಕ್ರೀಡೆ. ಕೇರಳದ ಕಥಕಳಿಯಲ್ಲಿಯೂ ಇದೇ ಪದ್ಧತಿಗೆ ಕೇಳಿಕೊಟ್ಟು ಎನ್ನುತ್ತಾರೆ. ಆದರೆ ಕನ್ನಡದ ಕಿವಿಗೆ ಆ ಮಾತು ‘ಕೇಳಿರಿ’ ಎಂಬ ಕರೆಯಾಗಿಯೂ ಕೇಳಿಸುತ್ತದೆ. ವ್ಯಾಕರಣ ಒಪ್ಪದಿದ್ದರೂ ಅರ್ಥ ಒಪ್ಪುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ತೆಂಗಿನ ತೋಟ ಮತ್ತು ಗದ್ದೆ ಇರುವ ಈ ಕಿರಿದಾದ ಪಟ್ಟಿಯಲ್ಲಿ ಚೆಂಡೆಯ ಪೆಟ್ಟು ಎಷ್ಟೋ ದೂರ ಹೋಗುತ್ತಿತ್ತು. ಕೇಳಿದವರು ಸೂಡಿ ಕಟ್ಟಿಕೊಂಡು ಹೊರಡುತ್ತಿದ್ದರು. ಇದರಲ್ಲಿ ಗಮನಿಸಬೇಕಾದುದೊಂದಿದೆ. ಕೇಳಿಯಲ್ಲಿ ಇಂದಿನ ಪ್ರಸಂಗ ಯಾವುದು, ಕರ್ಣನೋ ಕೀಚಕನೋ ಎಂಬ ಸುಳಿವೇ ಇಲ್ಲ. ಅದು ಹೇಳುವುದು ಇಷ್ಟೇ: ಇವತ್ತು ಇಲ್ಲಿ ಆಟವಿದೆ, ಬಾರಿಸುವ ಕೈ ಹೇಗಿದೆ ಎಂದು ನೀವೇ ಕೇಳಿ ನೋಡಿ. ಮದ್ದಲೆಗಾರನ ಕೈ ಬಲ್ಲವರು ಮನೆಯ ಜಗಲಿಯಲ್ಲಿ ಕುಳಿತೇ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬಹುದಾಗಿತ್ತು. ಸರಕನ್ನು ಬಣ್ಣಿಸದೆ ಸರಕಿನ ತುಣುಕನ್ನೇ ಮುಂದಿಡುವ ಜಾಹೀರಾತು ಇದು. ಸಿನಿಮಾದ ಟ್ರೈಲರ್ ಕೂಡ ಮಾಡುವುದು ಇದನ್ನೇ.

ಆಮೇಲೆ ಚೌಕಿಯಲ್ಲಿ ಗಣಪತಿಯ ಪೂಜೆ. ಅದು ಮುಗಿದ ಮೇಲೆ ರಂಗಸ್ಥಳಕ್ಕೆ ಬರುವವನು ರಾಜನಲ್ಲ, ಕೋಡಂಗಿ. ಅಲ್ಪಸ್ವಲ್ಪ ಬಣ್ಣ, ಕಲಿಯುತ್ತಿರುವ ಹೆಜ್ಜೆ. ಅವನ ಹಿಂದೆ ಬಲರಾಮ, ಕೃಷ್ಣರಾಗಿ ಬಾಲಗೋಪಾಲರು, ಅವರ ಹಿಂದೆ ಸ್ತ್ರೀವೇಷ. ಇಷ್ಟರಲ್ಲಿ ಜನ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ, ಚಹದ ಅಂಗಡಿಯ ಮುಂದೆ ನೆಂಟರನ್ನು ಮಾತಾಡಿಸುತ್ತಿರುತ್ತಾರೆ. ಯಾರೂ ಗಮನವಿಟ್ಟು ನೋಡದ ಹೊತ್ತು ಅದು. ಹೊಸ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರಿಲ್ಲ. ತಾಳ ತಪ್ಪಿದರೆ ಕಾಣುವವನು ಭಾಗವತ ಮಾತ್ರ. ಕೋಡಂಗಿಯಿಂದ ಬಾಲಗೋಪಾಲ, ಅಲ್ಲಿಂದ ಸ್ತ್ರೀವೇಷ, ಮುಂದೆ ಪುರುಷವೇಷ ಎಂದು ಮೇಳದ ಏಣಿಯನ್ನು ಹತ್ತಿದವರೇ ಹಿಂದಿನ ತಲೆಮಾರಿನ ದೊಡ್ಡ ಕಲಾವಿದರೆಲ್ಲ. ಪ್ರೇಕ್ಷಕನನ್ನು ಕೂರಿಸುವ ಕೆಲಸ, ಕಲಾವಿದನನ್ನು ತಯಾರು ಮಾಡುವ ಕೆಲಸ ಎರಡನ್ನೂ ಒಂದೇ ಹೊತ್ತಿನಲ್ಲಿ ಮುಗಿಸಿದ ಈ ಜಾಣತನ ಯಾವ ಒಬ್ಬ ವ್ಯಕ್ತಿಯದೂ ಅಲ್ಲ.

ಕಾರವಾರದ ಇನ್ನೊಂದು ಮಗ್ಗುಲನ್ನು ಇಲ್ಲಿಯೇ ನೆನೆಯಬೇಕು. ಕಾಳಿ ನದಿ ದಾಟಿ, ಸದಾಶಿವಗಡ ಕಳೆದು, ಮಾಜಾಳಿ ಮುಗಿದರೆ ಗೋವಾ. ಅಲ್ಲಿಂದ ಮೇಲಕ್ಕೆ ಸಿಂಧುದುರ್ಗದವರೆಗೆ ದಶಾವತಾರದ ನಾಡು. ಅದರ ಪೂರ್ವಭಾಗಕ್ಕೆ ಆಡದಶಾವತಾರ ಎನ್ನುತ್ತಾರೆ. ಗಣಪತಿ, ಸರಸ್ವತಿ ಬಂದು ಹೋದ ಮೇಲೆ ವೇದವನ್ನು ಕದಿಯುವ ಸಂಕಾಸುರ ಬರುತ್ತಾನೆ. ರಾಕ್ಷಸನಾದರೂ ಅವನು ಜನರನ್ನು ನಗಿಸುವವನು, ಊರಿನ ಮಾತಿನಲ್ಲೇ ಹರಟುವವನು. ದಕ್ಷಿಣದ ಕೋಡಂಗಿ, ಉತ್ತರದ ಸಂಕಾಸುರ: ದೇವರಿಗೂ ಕತೆಗೂ ನಡುವೆ ಒಬ್ಬ ಹಗುರ ಮನುಷ್ಯನನ್ನು ನಿಲ್ಲಿಸುವುದು ಈ ಕರಾವಳಿಯ ಎರಡೂ ರಂಗಗಳಿಗೆ ಹೊಳೆದ ಉಪಾಯ.

ಇನ್ನು ಒಡ್ಡೋಲಗ. ಕೋಡಂಗಿಯ ಹೊತ್ತು ಜನರಿಗೆ ಕೂರಲು ಕೊಟ್ಟ ಬಿಡುವಾದರೆ ಒಡ್ಡೋಲಗ ಅವರ ಮೈ ನೆಟ್ಟಗಾಗುವ ಹೊತ್ತು. ಇಬ್ಬರು ಒಂದು ತೆರೆಯನ್ನು ಹಿಡಿದು ನಿಲ್ಲುತ್ತಾರೆ. ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಕಾಲು ಕಾಣುತ್ತದೆ, ಮೇಲೆ ಕಿರೀಟದ ತುದಿ ಕಾಣುತ್ತದೆ. ಮುಖ ಮಾತ್ರ ಕಾಣುವುದಿಲ್ಲ. ಒಳಗೆ ಕುಣಿತ ನಡೆದಿರುತ್ತದೆ, ಚೆಂಡೆ ಏರುತ್ತಿರುತ್ತದೆ. ತೆರೆ ಒಮ್ಮೆ ತುಸು ತಗ್ಗುತ್ತದೆ, ಮತ್ತೆ ಏರುತ್ತದೆ. ರಾಕ್ಷಸನ ಬಣ್ಣದ ವೇಷವಾದರೆ ಈ ಆಟ ಇನ್ನೂ ದೀರ್ಘ. ಮೊದಲು ಚೌಕಿಯ ಕಡೆಯಿಂದ ಅಬ್ಬರ ಕೇಳುತ್ತದೆ, ದೀವಟಿಗೆಗೆ ಎರಚಿದ ರಾಳದ ಪುಡಿ ಭಗ್ಗೆಂದು ಹೊತ್ತುತ್ತದೆ, ಮಲಗಿದ ಮಕ್ಕಳು ಎದ್ದು ತಾಯಿಯ ಸೆರಗು ಹಿಡಿಯುತ್ತಾರೆ. ಆ ಮೇಲೆಯೇ ಮುಖ. ಕಥಕಳಿಯ ತಿರನೋಟ್ಟದಲ್ಲಿಯೂ ತತ್ವ ಇದೇ.

‘ಶೋಲೆ’ ಚಿತ್ರದ ಗಬ್ಬರ್ ಸಿಂಗ್ ಮೊದಲು ಕಾಣಿಸಿಕೊಳ್ಳುವುದನ್ನು ತಾವು ನೆನಪಿಸಿಕೊಳ್ಳಿ. 1975ರ ಆ ಚಿತ್ರ ತಯಾರಾದದ್ದು ರಾಮನಗರದ ಬಂಡೆಗಳ ನಡುವೆ. ಗಬ್ಬರನ ಹೆಸರು ಬಹಳ ಹೊತ್ತಿನಿಂದ ಕಿವಿಗೆ ಬೀಳುತ್ತಿರುತ್ತದೆ, ಮನುಷ್ಯ ಕಾಣುವುದಿಲ್ಲ. ಕಾಣುವಾಗಲೂ ಮೊದಲು ಕಲ್ಲಿನ ಮೇಲೆ ನಡೆಯುವ ಬೂಟು, ಎಳೆದುಕೊಂಡು ಹೋಗುವ ಬೆಲ್ಟಿನ ಸದ್ದು, ಆಮೇಲೆ ಮುಖ. ಇದು ಅಚ್ಚ ಬಣ್ಣದ ವೇಷದ ಒಡ್ಡೋಲಗ. ತೆರೆ ಹಿಡಿಯುವವರ ಬದಲು ಕ್ಯಾಮೆರಾ ಇದೆ, ಅಷ್ಟೇ. ಕನ್ನಡದ ಜನಪ್ರಿಯ ಚಿತ್ರಗಳಲ್ಲಿ ನಾಯಕನ ‘ಎಂಟ್ರಿ’ ಎಂದು ಅಭಿಮಾನಿಗಳು ಶಿಳ್ಳೆಗೆ ಸಿದ್ಧರಾಗಿ ಕೂರುವ ದೃಶ್ಯವೂ ಇದೇ ಜಾತಿಯದು. ಕಾಲು, ಕೈ, ಬೆನ್ನು, ಕೊನೆಗೆ ಮುಖ. ಹೀಗೆ ಮಾಡಿದವರೆಲ್ಲ ಯಕ್ಷಗಾನ ನೋಡಿ ಕಲಿತರೆಂದು ಹೇಳಲಾಗದು. ಹೇಳುವ ಅಗತ್ಯವೂ ಇಲ್ಲ. ಅಡಗಿಸಿ ತೋರಿಸಿದ್ದನ್ನು ಕಣ್ಣು ಹುಡುಕುತ್ತದೆ ಎಂಬುದು ಯಾರು ಬೇಕಾದರೂ ಕಂಡುಕೊಳ್ಳಬಹುದಾದ ಸತ್ಯ. ಅಭಿಮಾನಿಗೆ ತೆರೆಯ ಹಿಂದೆ ಯಾರಿದ್ದಾರೆಂದು ಮೊದಲೇ ಗೊತ್ತಿರುತ್ತದೆ, ಆದರೂ ಕಾಯುತ್ತಾನೆ. ಸೋಜಿಗದ ಸಂಗತಿ ಅದು.

ಶಾಸ್ತ್ರಕಾರರಿಗೂ ಈ ವಿಷಯ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಪೂರ್ವರಂಗಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ವಾದ್ಯಗಳನ್ನು ತಂದಿಡುವುದು, ನಾಂದಿ ಮುಂತಾದ ಅನೇಕ ಅಂಗಗಳು, ಅವುಗಳಲ್ಲೊಂದು ಪ್ರರೋಚನೆ. ಮುಂದೆ ಬರಲಿರುವ ಕೃತಿಯನ್ನು ಹೊಗಳಿ ಸಭೆಯಲ್ಲಿ ರುಚಿ ಹುಟ್ಟಿಸುವುದು ಅದರ ಉದ್ದೇಶ. ಟ್ರೈಲರ್ ಎಂಬುದಕ್ಕೆ ಸಂಸ್ಕೃತ ಪದ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಕಾಳಿದಾಸನಂತೂ ಶಾಕುಂತಲದಲ್ಲಿ ಇನ್ನೂ ಮುಂದೆ ಹೋಗಿದ್ದಾನೆ. ನಟಿ ಬೇಸಗೆಯ ಮೇಲೊಂದು ಹಾಡು ಹಾಡುತ್ತಾಳೆ. ಸೂತ್ರಧಾರ ಆ ಹಾಡಿನಲ್ಲಿ ಮೈಮರೆತು ತಾವು ಆಡಬೇಕಾದ ನಾಟಕ ಯಾವುದೆಂಬುದನ್ನೇ ಮರೆಯುತ್ತಾನೆ. ನಟಿ ನೆನಪಿಸಿದಾಗ, ಜಿಂಕೆಯ ಹಿಂದೆ ಹೋದ ದುಷ್ಯಂತನಂತೆ ತಾನೂ ಸೆಳೆದೊಯ್ಯಲ್ಪಟ್ಟೆ ಎನ್ನುತ್ತಾನೆ. ಆ ಮಾತಿನ ಬೆನ್ನಿಗೇ ದುಷ್ಯಂತನ ರಥ ಬರುತ್ತದೆ. ಮರೆವಿನಿಂದಲೇ ಒಂದು ನಾಟಕ ತಿರುವು ಪಡೆಯಲಿದೆಯಷ್ಟೆ. ಆ ಮರೆವಿನ ಬೀಜ ಮೊದಲ ಪುಟದಲ್ಲೇ, ತಮಾಷೆಯ ರೂಪದಲ್ಲಿ ಬಿದ್ದಿದೆ. ಆರಂಭದ ದೃಶ್ಯ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕುವುದು ಕಷ್ಟ.

ಕಾರವಾರದಲ್ಲಿಯೇ ಹೊಳೆದ ಒಂದು ನಾಟಕವೂ ಉಂಟು. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ‘ಪ್ರಕೃತಿರ ಪ್ರತಿಶೋಧ’ವನ್ನು ಇಲ್ಲಿ ಬರೆದರು. ಅದು ಆರಂಭವಾಗುವುದು ಗುಹೆಯ ಬಳಿ ಸನ್ಯಾಸಿಯೊಬ್ಬನ ಸ್ವಗತದಿಂದ. ಕೋಡಂಗಿಯಿಲ್ಲ, ತೆರೆಯಿಲ್ಲ, ತಡವಾಗಿ ಬಂದವನ ಚಿಂತೆ ಮೊದಲೇ ಇಲ್ಲ. ಇಪ್ಪತ್ತೆರಡರ ಕವಿಯ ನಾಟಕ ಅದು. ಓದುಗನಿಗೆ ಸರಿ, ಚಾಪೆ ಸುತ್ತಿಕೊಂಡು ಬಂದವನಿಗಲ್ಲ.

ಬಯಲಿನ ಈ ಪೂರ್ವರಂಗ ಸಿನಿಮಾದವರೆಗೆ ನಡೆದು ಬಂದ ದಾರಿಯೂ ಒಂದುಂಟು. ಅಂಕೋಲೆಯಿಂದ ದಕ್ಷಿಣಕ್ಕೆ, ಕುಮಟೆ ದಾಟಿ ಹೊನ್ನಾವರ ತಲಪುವ ಮೊದಲು ಕರ್ಕಿ ಎಂಬ ಊರಿದೆ. ಹಾಸ್ಯಗಾರ ಮನೆತನದ ಊರು. 1842ರಲ್ಲಿ ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದು ಕರ್ಕಿಯ ಮೇಳವೆಂದು ರಂಗಭೂಮಿಯ ಇತಿಹಾಸ ಬರೆದ ಹಲವರು ಹೇಳುತ್ತಾರೆ. ಅಂಥದೊಂದನ್ನು ಮರಾಠಿಯಲ್ಲಿ ಮಾಡು ಎಂದು ಅರಸ ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು, ಮರಾಠಿ ರಂಗಭೂಮಿ ಅಲ್ಲಿಂದ ತನ್ನ ವಯಸ್ಸನ್ನು ಎಣಿಸುತ್ತದೆ. ಭಾವೆಯ ನಾಟಕಗಳು ಕೂಡ ಸೂತ್ರಧಾರ, ವಿದೂಷಕ, ಗಣಪತಿ, ಸರಸ್ವತಿಯರಿಂದಲೇ ತೊಡಗುತ್ತಿದ್ದವು. ರಾಕ್ಷಸರು ಅಬ್ಬರಿಸುತ್ತ ಬರುತ್ತಿದ್ದುದರಿಂದ ಮುಂದಿನವರು ಅವನ್ನು ‘ಅಲಲಡುರ್ರ’ ನಾಟಕಗಳೆಂದು ಗೇಲಿ ಮಾಡಿದರು. ಗೇಲಿಯೇನೋ ಸರಿ, ಆದರೆ ಆ ಅಬ್ಬರಕ್ಕೆ ಜನ ಸೇರುತ್ತಿದ್ದರು.

ಎಪ್ಪತ್ತು ವರ್ಷಗಳ ಅನಂತರ, 1913ರ ಮೇ 3ರಂದು, ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಚಿತ್ರದ ಜೊತೆ ಅಂದು ಏನಿತ್ತೆಂದು ಆಗಿನ ಜಾಹೀರಾತು ಹೇಳುತ್ತದೆ: ಒಂದು ನೃತ್ಯ, ಒಂದು ಹಾಸ್ಯ ಪ್ರಹಸನ, ಕಾಲಿನಿಂದ ವಸ್ತುಗಳನ್ನು ಎಸೆದು ಹಿಡಿಯುವ ಒಬ್ಬ ಚಮತ್ಕಾರಗಾರ. ಸಿನಿಮಾಕ್ಕೂ ತನ್ನದೇ ಕೋಡಂಗಿ ಬೇಕಾಗಿತ್ತು! ಚಿತ್ರ ಆರಂಭವಾಗುವುದು ಹರಿಶ್ಚಂದ್ರ ಮಗನಿಗೆ ಬಿಲ್ಲುವಿದ್ಯೆ ಕಲಿಸುವುದರಿಂದ. ರಾಣಿ ನೋಡುತ್ತಾಳೆ, ಸುಖದ ಸಂಸಾರ. ಇದೆಲ್ಲ ಕಳೆದು ಹೋಗಲಿದೆ ಎಂಬುದು ಕುರ್ಚಿಯಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿರುವುದರಿಂದಲೇ ಆ ದೃಶ್ಯ ಕರುಳು ಹಿಂಡುತ್ತದೆ. ಕಡಿಮೆ ಕಾಸಿಗೆ ಇಡೀ ರಾತ್ರಿಯ ನಾಟಕ ನೋಡಿ ರೂಢಿಯಾದ ಜನರಿಗೆ ಒಂದೂವರೆ ತಾಸಿನೊಳಗೆ ಮುಗಿಯುವ ಚಿತ್ರ ಹಿಡಿಸುವುದೇ ಎಂಬ ಅನುಮಾನ ಬಂದಾಗ ಫಾಲ್ಕೆ ಮಾಡಿದ ಜಾಹೀರಾತು ಪ್ರಸಿದ್ಧವಾಗಿದೆ. ಐವತ್ತೇಳು ಸಾವಿರ ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಬೆಲೆ ಬರೇ ಮೂರಾಣೆ. ಕತೆಯ ಬಗ್ಗೆ ಒಂದಕ್ಷರವಿಲ್ಲ.

ಅದೇ 1913ರಲ್ಲಿ ಅಮೆರಿಕದಲ್ಲಿ ಟ್ರೈಲರ್ ಹುಟ್ಟಿತು. ಲೋ ಎಂಬವರ ಚಿತ್ರಮಂದಿರಗಳ ಪ್ರಚಾರದ ಹೊಣೆ ಹೊತ್ತಿದ್ದ ನಿಲ್ಸ್ ಗ್ರಾನ್‌ಲಂಡ್, ಬರಲಿದ್ದ ಒಂದು ಸಂಗೀತ ನಾಟಕದ ತಾಲೀಮಿನ ತುಣುಕುಗಳನ್ನು ಪರದೆಯ ಮೇಲೆ ತೋರಿಸಿದ. ಇಂಥ ತುಣುಕುಗಳನ್ನು ಮೊದಮೊದಲು ಚಿತ್ರ ಮುಗಿದ ಮೇಲೆ, ಬಾಲದಂತೆ ಅಂಟಿಸುತ್ತಿದ್ದುದರಿಂದ ಆ ಹೆಸರು. ಚಿತ್ರ ಮುಗಿದೊಡನೆ ಜನ ಎದ್ದು ಹೋಗುತ್ತಾರೆಂಬುದು ಗೊತ್ತಾದ ಮೇಲೆ ಅದನ್ನು ಮುಂದಕ್ಕೆ ತಂದರು. ಹೆಸರು ಮಾತ್ರ ಹಿಂದೆಯೇ ಉಳಿಯಿತು. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ‘ಸೈಕೊ’ ಚಿತ್ರಕ್ಕೆ ಮಾಡಿದ ಟ್ರೈಲರಿನಲ್ಲಿ ಚಿತ್ರದ ದೃಶ್ಯಗಳೇ ಇಲ್ಲವೆನ್ನಬಹುದು. ನಿರ್ದೇಶಕನೇ ಆ ಮನೆಯನ್ನೂ ಮೋಟೆಲನ್ನೂ ಸುತ್ತಾಡಿಸಿ, ಇಲ್ಲಿ ಏನೋ ನಡೆಯಿತು ಎಂದು ಅರ್ಧಕ್ಕೆ ಮಾತು ನಿಲ್ಲಿಸುತ್ತಾನೆ. ಯಕ್ಷಗಾನದವರು ಕಂಡರೆ ಇವನು ಒಳ್ಳೆಯ ಭಾಗವತ ಎನ್ನುತ್ತಿದ್ದರೇನೋ. ಆದರೆ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಎಂಬ ನಿಯಮವನ್ನೂ ಅವನೇ ಮಾಡಿದ. ಅಂಕೋಲೆಯ ಗದ್ದೆಯಲ್ಲಿ ಅದು ನಡೆಯುವ ಮಾತಲ್ಲ.

ಜಿಲ್ಲೆಯ ಮಣ್ಣಿನಲ್ಲಿ ಆಟ ನೋಡಿ ಬೆಳೆದು, ಆ ಆರಂಭದ ಗುಟ್ಟನ್ನು ಹೊಸ ರಂಗಕ್ಕೆ ತಂದವರು ಗಿರೀಶ ಕಾರ್ನಾಡರು. ಶಿರಸಿಯಲ್ಲಿ ಬಾಲ್ಯ ಕಳೆದ ಅವರ ‘ಹಯವದನ’ 1971ರದು. ಗಣಪತಿಯ ಸ್ತುತಿ, ಭಾಗವತನ ಪ್ರವೇಶ, ದೇವದತ್ತ ಕಪಿಲರ ಕತೆಗೆ ಪೀಠಿಕೆ ಎಲ್ಲವೂ ಪದ್ಧತಿಯಂತೆಯೇ ಸಾಗುತ್ತದೆ. ಅಷ್ಟರಲ್ಲಿ ನಟನೊಬ್ಬ ಹೆದರಿ ಓಡಿ ಬರುತ್ತಾನೆ. ದಾರಿಯಲ್ಲಿ ಕುದುರೆಯೊಂದು ಮನುಷ್ಯರಂತೆ ಮಾತಾಡಿತಂತೆ. ಹೇಳಹೊರಟ ಕತೆ ನಿಂತು, ಹೇಳದ ಕತೆ ರಂಗಕ್ಕೆ ನುಗ್ಗುತ್ತದೆ. ಗಣಪತಿಗೂ ಆನೆಯ ತಲೆ ಎಂಬುದು ಆಗ ತಟ್ಟನೆ ಹೊಳೆಯುತ್ತದೆ. ಪೂರ್ವರಂಗ ಶಾಸ್ತ್ರಕ್ಕೆ ಇದ್ದದ್ದಲ್ಲ, ನಾಟಕದ ವಸ್ತುವೇ ಅದರಲ್ಲಿತ್ತು ಎಂದು ಪ್ರೇಕ್ಷಕ ತಡವಾಗಿ ಕಂಡುಕೊಳ್ಳುತ್ತಾನೆ.

ಹೊನ್ನಾವರದ ಮಲ್ಲಾಪುರದಲ್ಲಿ ಹುಟ್ಟಿದ ಶಂಕರನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಬೇರೊಂದು ಬಗೆಯ ಕೇಳಿ ಮನೆಮನೆಯಲ್ಲಿ ಕೇಳಿಸಿತು. ಎಲ್. ವೈದ್ಯನಾಥನ್ ಅವರ ರಾಗ, ಆರ್.ಕೆ. ಲಕ್ಷ್ಮಣರ ರೇಖೆಗಳು. 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಿಂದ ಆ ರಾಗ ಬಂದೊಡನೆ ಅಡುಗೆಮನೆಯಲ್ಲಿದ್ದವರು ಕೈ ಒರೆಸುತ್ತ ಬರುತ್ತಿದ್ದುದು ಆ ಕಾಲದವರಿಗೆಲ್ಲ ನೆನಪಿರಬಹುದು. ಆ ಹಾಡೂ ಇಂದಿನ ಕತೆ ಯಾವುದೆಂದು ಹೇಳುತ್ತಿರಲಿಲ್ಲ.

ಟ್ರೈಲರುಗಳ ಬಗ್ಗೆ ಇಂದು ಕೇಳಿಬರುವ ದೊಡ್ಡ ದೂರು, ಎಲ್ಲವನ್ನೂ ಅದರಲ್ಲೇ ತೋರಿಸಿಬಿಡುತ್ತಾರೆ ಎಂಬುದು. ಈ ದೂರಿಗೆ ಯಕ್ಷಗಾನದ ಪ್ರೇಕ್ಷಕ ನಕ್ಕುಬಿಟ್ಟಾನು. ಕೀಚಕ ಸಾಯುತ್ತಾನೆ ಎಂಬುದು ಅವನಿಗೆ ಹುಟ್ಟುವಾಗಲೇ ಗೊತ್ತು. ಗದಾಪರ್ವದಲ್ಲಿ ದುರ್ಯೋಧನ ಗೆದ್ದೇನಾದರೂ ಬಿಟ್ಟಾನೆಯೇ ಎಂದು ಯಾರೂ ಉಸಿರು ಹಿಡಿದು ಕೂರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಣ್ಣಕತೆಗಳ ಅಂತ್ಯವನ್ನು ಮೊದಲೇ ತಿಳಿಸಿದಾಗ ಓದುಗರ ಸಂತೋಷ ಕಡಿಮೆಯಾಗಲಿಲ್ಲ, ಸರಾಸರಿಯಲ್ಲಿ ತುಸು ಹೆಚ್ಚೇ ಆಯಿತು. ಮುಂದಿನ ಕೆಲವು ಪ್ರಯೋಗಗಳು ಇದನ್ನು ಒಪ್ಪಲಿಲ್ಲ. ಬಹುಶಃ ಪ್ರಶ್ನೆ ಎಷ್ಟು ಹೇಳಬೇಕೆಂಬುದಲ್ಲ. ಕರ್ಣನ ಕತೆ ಗೊತ್ತಿದ್ದವನು ಈ ರಾತ್ರಿಯ ಕರ್ಣ ಯಾರು, ಅವನು ಆ ಸಾವನ್ನು ಹೇಗೆ ಸಾಯುತ್ತಾನೆ ಎಂದು ನೋಡಲು ಬರುತ್ತಾನೆ. ತಾಳಮದ್ದಲೆಯಲ್ಲಿ ಅರ್ಥಧಾರಿಯ ಪೀಠಿಕೆ ಕೇಳಿಯೇ ರಸಿಕರು ಅವನನ್ನು ಅಳೆದುಬಿಡುತ್ತಾರೆ. ಕತೆಯನ್ನಲ್ಲ, ಅವನು ಕತೆಯೊಳಗೆ ಯಾವ ಬಾಗಿಲಿನಿಂದ ಬಂದ ಎಂಬುದನ್ನು. ಕೇವಲ ಗುಟ್ಟಿನ ಮೇಲೆ ನಿಂತ ಸಿನಿಮಾಕ್ಕೆ ಟ್ರೈಲರ್ ಶತ್ರುವಾಗುತ್ತದೆ, ಉಳಿದವಕ್ಕೆ ಆಗಬೇಕಾಗಿಲ್ಲ. ‘ಕಾಂತಾರ’ದ ಆರಂಭದಲ್ಲಿಯೇ, 1847ರ ಅರಸ ಮತ್ತು ದೈವದ ನಡುವಿನ ಮಾತಿನಲ್ಲಿ, ಮುಂದಿನ ಜಗಳವೆಲ್ಲ ಅಡಗಿದೆ. 2022ರಲ್ಲಿ ಅದನ್ನು ಎರಡು ಮೂರು ಸಲ ನೋಡಿದವರು ಅಸಂಖ್ಯ.

ಇನ್ನೊಂದು ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. 2016ರಲ್ಲಿ ‘ಫ್ಯಾನ್’ ಎಂಬ ಹಿಂದಿ ಚಿತ್ರದ ಪ್ರಚಾರದಲ್ಲಿ ಒಂದು ಹಾಡನ್ನು ತೋರಿಸಲಾಗಿತ್ತು. ಮಕ್ಕಳೊಡನೆ ಹೋಗಿ ಚಿತ್ರ ನೋಡಿದ ಮಹಾರಾಷ್ಟ್ರದ ಶಿಕ್ಷಕಿಯೊಬ್ಬರಿಗೆ ಆ ಹಾಡು ಚಿತ್ರದಲ್ಲಿ ಸಿಗಲಿಲ್ಲ. ಅವರು ಗ್ರಾಹಕ ವೇದಿಕೆಗೆ ದೂರಿತ್ತರು. ಮೇಲಿನ ಆಯೋಗಗಳು ಅವರಿಗೆ ಪರಿಹಾರ ಕೊಡಿಸಿದವು. 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಪ್ರಚಾರದ ತುಣುಕು ಪ್ರೇಕ್ಷಕನೊಡನೆ ಮಾಡಿಕೊಂಡ ಕರಾರು ಅಲ್ಲ, ಅದರಲ್ಲಿದ್ದುದೆಲ್ಲ ಚಿತ್ರದಲ್ಲಿರಲೇಬೇಕೆಂಬ ನಿಯಮವಿಲ್ಲ ಎಂಬುದು ತೀರ್ಪು. ಕಾನೂನಿನ ದೃಷ್ಟಿಯಿಂದ ಇದು ಸರಿಯಾಗಿಯೇ ಇದೆ. ಪ್ರತಿಯೊಂದು ತುಣುಕಿಗೂ ನಿರ್ಮಾಪಕ ಕೋರ್ಟಿಗೆ ನಡೆಯತೊಡಗಿದರೆ ಚಿತ್ರ ತೆಗೆಯುವವರು ಯಾರು? ಆದರೆ ಬಯಲಿನ ಜನ ಬೇರೆಯೇ ಕಾನೂನು ನಡೆಸಿಕೊಂಡು ಬಂದವರು. ಕರಪತ್ರದಲ್ಲಿ ಹೆಸರಿದ್ದ ಕಲಾವಿದ ಬಾರದಿದ್ದರೆ ಮರುವರ್ಷ ಆ ಮೇಳಕ್ಕೆ ಆ ಊರಿನಲ್ಲಿ ವೀಳ್ಯ ಸಿಕ್ಕುವುದು ಕಷ್ಟ. ಕೇಳಿಗೆ ಬಾರಿಸಿದ ಕೈಯೇ ರಾತ್ರಿಯೂ ಬಾರಿಸಬೇಕು.

ಇಂದು ಕಾರವಾರದಿಂದ ಅಂಕೋಲೆಯವರೆಗಿನ ಹೆದ್ದಾರಿಯಲ್ಲಿ ಆಟದ ಸುದ್ದಿಯನ್ನು ಧ್ವನಿವರ್ಧಕ ಕಟ್ಟಿದ ವಾಹನ ಸಾರುತ್ತದೆ, ಅದಕ್ಕೂ ಮೊದಲೇ ಮೊಬೈಲಿನಲ್ಲಿ ಚಿತ್ರಸಹಿತ ಬಂದಿರುತ್ತದೆ. ಸಿನಿಮಾಕ್ಕೂ ಹಾಗೆಯೇ, 2021ರ ಜನವರಿಯಲ್ಲಿ ‘ಕೆಜಿಎಫ್’ ಎರಡನೆಯ ಭಾಗದ ಟೀಸರನ್ನು ಕೆಲವೇ ದಿನಗಳಲ್ಲಿ ಹತ್ತು ಕೋಟಿಗೂ ಹೆಚ್ಚು ಸಲ ಜನ ನೋಡಿದರು, ಚಿತ್ರಮಂದಿರದ ಹಂಗಿಲ್ಲದೆ. ಕೇಳಿ ಕೇಳಿಸದಿದ್ದರೂ ಆಟಕ್ಕೆ ಜನ ಬರುತ್ತಾರೆ. ನಷ್ಟವಾದದ್ದು ಅಲ್ಲಿ ಅಲ್ಲ. ಟಿಕೆಟ್ಟಿನ ಆಟ, ಅನಂತರ ಮೂರು ನಾಲ್ಕು ತಾಸಿನ ಕಾಲಮಿತಿಯ ಆಟ ಬಂದಂತೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕನನ್ನು ದೂರುವಂತಿಲ್ಲ. ಗೇರುಸೊಪ್ಪೆಯ ನೀರಿನಂತೆ ರಾತ್ರಿ ಇಡೀ ಸುರಿಯುತ್ತಿದ್ದ ಆಟ ಇಂದು ಅಳತೆಗೆ ಸಿಕ್ಕಿದೆ, ಅದರಿಂದ ಕೆಲವು ಪ್ರಸಂಗಗಳು ಬಿಗಿಯಾದದ್ದೂ ನಿಜ. ಆದರೆ ಏಣಿಯ ಕೆಳಗಿನ ಮೆಟ್ಟಿಲುಗಳು ಹೋದವು. ಹುಡುಗ ಈಗ ತರಬೇತಿ ಕೇಂದ್ರದಲ್ಲಿ ಹೆಜ್ಜೆ ಕಲಿತು, ನೇರವಾಗಿ ಎಚ್ಚರವಾಗಿರುವ ಸಭೆಯ ಮುಂದೆ, ದೊಡ್ಡ ವೇಷಗಳ ನಡುವೆ ನಿಲ್ಲಬೇಕು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಕಟ್ಟಿದ ಶ್ರೀಮಯ ಕಲಾಕೇಂದ್ರದಂಥ ಸಂಸ್ಥೆಗಳು ಹೆಜ್ಜೆಯನ್ನೂ ತಾಳವನ್ನೂ ಚೆನ್ನಾಗಿಯೇ ಕಲಿಸುತ್ತವೆ. ತಪ್ಪು ಮಾಡಲು ಒಂದು ನಿಜವಾದ ರಾತ್ರಿಯನ್ನು ಯಾವ ಕೇಂದ್ರವೂ ಕೊಡಲಾರದು. ದೇವಸ್ಥಾನಗಳ ಹೆಸರಿನಲ್ಲಿ ಹೊರಡುವ ಮೇಳಗಳ ಹರಕೆಯ ಆಟದಲ್ಲಿ ಅದು ಅಷ್ಟಿಷ್ಟು ಉಳಿದಿದೆ. ಅಲ್ಲಿ ಜನ ಇನ್ನೂ ದಾರಿಯಲ್ಲಿರುವಾಗ, ಅರ್ಧ ಖಾಲಿ ಗದ್ದೆಯ ಮುಂದೆ, ಕೋಡಂಗಿ ಇನ್ನೂ ಕುಣಿಯುತ್ತಾನೆ.